ಸಿಪ್ಯಾಪ್ ಯಂತ್ರಕ್ಕೆ ಎಂಥ ಮೇಜು ಮಾಡಿಸಬೇಕು?

ಪ್ರಶ್ನೆ: ನಮ್ಮ ಯಜಮಾನರಿಗೆ ಸ್ಲೀಪ್ ಆಪ್ನಿಯಾ ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಡಾಕ್ಟರು ರಾತ್ರಿ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗಲು ಹೇಳಿದ್ದಾರೆ. ಸದ್ಯ ಯಂತ್ರವನ್ನು ಮಂಚದ ಪಕ್ಕ ಸ್ಟೂಲಿನ ಮೇಲೆ ಇಟ್ಟಿದ್ದೇವೆ. ಅದರ ಪೈಪು ಕೈಕಾಲಿಗೆ ಸಿಕ್ಕಿಕೊಳ್ಳುತ್ತದೆ. ಈಗ ಆಚಾರಿಯನ್ನು ಕರೆಸಿ ಮನೆಯಲ್ಲೇ ಹೊಸ ಮಂಚ ಮತ್ತು ಪಕ್ಕದ ಮೇಜು ಮಾಡಿಸುತ್ತಿದ್ದೇವೆ. ಯಂತ್ರವನ್ನು ಮೇಜಿನ ಡ್ರಾಯರ್ ಒಳಗಿಟ್ಟು, ಪೈಪಿಗೆ ಮಾತ್ರ ಒಂದು ತೂತು ಬಿಟ್ಟು ಮುಚ್ಚಿಬಿಟ್ಟರೆ ಧೂಳು ಕೂರುವುದಿಲ್ಲ, ಸದ್ದು ಕೇಳುವುದಿಲ್ಲ, ಬಂದವರ ಕಣ್ಣಿಗೂ ಬೀಳುವುದಿಲ್ಲ ಎಂದು ನನ್ನ ಯೋಚನೆ. ಹೀಗೆ ಮಾಡಬಹುದೇ? ಆಚಾರಿಗೆ ಏನೇನು ಅಳತೆ ಕೊಡಬೇಕು?
— ಓದುಗರೊಬ್ಬರು, ಸಾಗರ

ಉತ್ತರ: ಮರ ಕೊಯ್ಯುವುದಕ್ಕೆ ಮುಂಚೆಯೇ ಈ ಪ್ರಶ್ನೆ ಕೇಳಿದ್ದೀರಿ, ಸಂತೋಷ. ಬಹಳ ಮನೆಗಳಲ್ಲಿ ಮಂಚ, ಮೇಜು ಎಲ್ಲ ಮುಗಿದು ಪಾಲಿಶ್ ಆದ ಮೇಲೆ ಯಂತ್ರಕ್ಕೆ ಜಾಗ ಹುಡುಕುತ್ತಾರೆ. ಆಮೇಲೆ ಅದು ಕಿಟಕಿಯ ಅಂಚಿನಲ್ಲೋ ನೆಲದ ಮೇಲೋ ಕೂರುತ್ತದೆ. ನಿಮ್ಮ ಅನುಮಾನದಲ್ಲಿ ಎರಡು ಭಾಗಗಳಿವೆ. ಯಂತ್ರವನ್ನು ಮುಚ್ಚಿದ ಡ್ರಾಯರಿನಲ್ಲಿ ಇಡಬಹುದೇ ಎಂಬುದು ಒಂದು, ಇಡಬಾರದಾದರೆ ಮೇಜು ಹೇಗಿರಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು: ಯಂತ್ರ ನಡೆಯುವಾಗ ಡ್ರಾಯರ್ ಮುಚ್ಚಿರಬಾರದು. ಹಗಲು ಮುಚ್ಚಿಡಲು ಅಡ್ಡಿಯಿಲ್ಲ. ಕಾರಣ ತಿಳಿದರೆ ಎರಡನೆಯ ಭಾಗದ ಅಳತೆಗಳನ್ನು ನೀವೇ ಅರ್ಧದಷ್ಟು ಲೆಕ್ಕ ಹಾಕಬಲ್ಲಿರಿ. ಆದ್ದರಿಂದ ಯಂತ್ರದಿಂದಲೇ ಶುರು ಮಾಡೋಣ.

ನಿದ್ದೆಯಲ್ಲಿ ಗಂಟಲಿನ ಸುತ್ತಲಿನ ಸ್ನಾಯುಗಳು ಸಡಿಲವಾಗುತ್ತವೆ. ಇದು ಎಲ್ಲರಿಗೂ ಆಗುವಂಥದ್ದೇ. ಕೆಲವರಲ್ಲಿ ಮಾತ್ರ ಆ ಸಡಿಲಿಕೆಯಿಂದ ಉಸಿರಿನ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ ಅಥವಾ ತೀರಾ ಕಿರಿದಾಗುತ್ತದೆ. ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ದಾರಿ ಕಿರಿದಾಗಿ ಉಸಿರು ತಗ್ಗಿದ್ದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಇಂಥವು ಗಂಟೆಗೆ 5ರಿಂದ 15 ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ ಎಂದು ವಿಂಗಡಿಸುತ್ತಾರೆ. ನಿಮ್ಮ ಯಜಮಾನರ ವರದಿಯಲ್ಲಿ ಎಎಚ್‌ಐ ಎಂಬ ಹೆಸರಿನ ಮುಂದೆ ಇರುವ ಅಂಕಿ ಇದೇ.

ಸಿಪ್ಯಾಪ್ ಯಂತ್ರ ಮಾಡುವ ಕೆಲಸ ಒಂದೇ. ಮೂಗಿನೊಳಕ್ಕೆ ಸತತವಾಗಿ ಸ್ವಲ್ಪ ಒತ್ತಡದ ಗಾಳಿ ಕಳಿಸಿ ಆ ದಾರಿ ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸುಲಿವನ್ ಮತ್ತು ಅವರ ಜೊತೆಯವರು ಈ ವಿಧಾನ ಕಂಡುಕೊಂಡು, 1981ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಕಾಲದ ಯಂತ್ರಗಳು ದೊಡ್ಡವು, ಸದ್ದೂ ಜೋರು. ಈಗಿನವು ಹೆಚ್ಚುಕಡಿಮೆ ಒಂದು ಅಡಿಯೊಳಗಿನ ಉದ್ದ, ಐದಾರು ಇಂಚು ಅಗಲ, ನಾಲ್ಕರಿಂದ ಆರು ಇಂಚು ಎತ್ತರ ಇರುತ್ತವೆ. ತೂಕ ಒಂದೆರಡು ಕಿಲೋ. ಒತ್ತಡವನ್ನು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ ಹೇಳುತ್ತಾರೆ. ಹೀರುಕೊಳವೆಯನ್ನು ನೀರಿನಲ್ಲಿ 10 ಸೆಂಟಿಮೀಟರ್ ಆಳಕ್ಕೆ ಮುಳುಗಿಸಿ ಊದಿ ಗುಳ್ಳೆ ಬರಿಸಲು ಎಷ್ಟು ಒತ್ತಡ ಬೇಕೋ ಅಷ್ಟೇ 10 ಸೆಂಟಿಮೀಟರ್ ಒತ್ತಡ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡಬೇಕು, ಏಕೆಂದರೆ ಡ್ರಾಯರಿನ ಯೋಚನೆ ಹುಟ್ಟುವುದು ಬಹುಶಃ ಅಲ್ಲಿಂದಲೇ. ಮಾಸ್ಕು, ಪೈಪು ನೋಡಿದ ತಕ್ಷಣ ನಮಗೆಲ್ಲ ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರ್ ನೆನಪಾಗುತ್ತದೆ. ಯಂತ್ರದ ಒಳಗೇ ಗಾಳಿ ತುಂಬಿದೆ, ಅದನ್ನು ಅದು ಕಳಿಸುತ್ತದೆ ಎಂದು ಅನ್ನಿಸುವುದು ಸಹಜ. ಹಾಗಿಲ್ಲ. ಸಿಪ್ಯಾಪ್ ಒಳಗೆ ಆಕ್ಸಿಜನ್ ಇಲ್ಲ, ತುಂಬಿಟ್ಟ ಗಾಳಿಯೂ ಇಲ್ಲ. ಒಂದು ಸಣ್ಣ ಫ್ಯಾನು ಕೋಣೆಯ ಗಾಳಿಯನ್ನೇ ಒಂದು ಫಿಲ್ಟರ್ ಮೂಲಕ ಎಳೆದು, ಬೇಕಾದರೆ ಬಿಸಿನೀರಿನ ತೊಟ್ಟಿಯ ಮೇಲೆ ಹಾಯಿಸಿ ತೇವ ಮಾಡಿ, ಪೈಪಿನಲ್ಲಿ ತಳ್ಳುತ್ತದೆ. ಯಂತ್ರದ ಹಿಂಬದಿಯಲ್ಲೋ ಪಕ್ಕದಲ್ಲೋ ಇರುವ ಆ ಫಿಲ್ಟರಿನ ಕಿಂಡಿಯಿಂದಲೇ ನಿಮ್ಮ ಯಜಮಾನರ ಉಸಿರು ಶುರುವಾಗುತ್ತದೆ. ನೀವು ಮಾಡಿಸುವ ಮೇಜು ಒಂದು ಸಾಮಾನು ಇಡುವ ಜಾಗ ಮಾತ್ರವಲ್ಲ, ಅವರು ರಾತ್ರಿಯಿಡೀ ಉಸಿರಾಡುವ ದಾರಿಯ ಮೊದಲ ತುಂಡು. ಈ ಒಂದು ಮಾತು ಆಚಾರಿಗೂ ತಿಳಿಸಿ. ಅವರು ಕೈಕೆಲಸ ಬಲ್ಲವರು, ಕಾರಣ ಗೊತ್ತಾದರೆ ನೀವು ಹೇಳದ ಸೂಕ್ಷ್ಮಗಳನ್ನೂ ಅವರೇ ಸರಿಮಾಡುತ್ತಾರೆ.

ಈಗ ಡ್ರಾಯರಿನ ಲೆಕ್ಕ ನೋಡಿ. ಒಳಗಡೆ 16 ಇಂಚು ಉದ್ದ, 14 ಇಂಚು ಅಗಲ, 8 ಇಂಚು ಎತ್ತರ ಇರುವ ದೊಡ್ಡ ಡ್ರಾಯರಿನಲ್ಲೇ ಹಿಡಿಯುವ ಗಾಳಿ ಸುಮಾರು 29 ಲೀಟರ್. ಅದರಲ್ಲಿ ಯಂತ್ರವೇ ಒಂದಿಷ್ಟು ಜಾಗ ತಿನ್ನುತ್ತದೆ. ಇನ್ನು ಮಾಸ್ಕನ್ನು ಗಮನಿಸಿದರೆ ಅದರಲ್ಲಿ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಮಾಸ್ಕಿನಲ್ಲಿ ಉಳಿಯದೆ ಹೊರಹೋಗಲೆಂದು ಬೇಕೆಂದೇ ಇಟ್ಟಿರುವ ಕಿಂಡಿಗಳವು. 10 ಸೆಂಟಿಮೀಟರ್ ಒತ್ತಡದಲ್ಲಿ ಆ ಕಿಂಡಿಗಳಿಂದ ನಿಮಿಷಕ್ಕೆ ಸುಮಾರು 30 ಲೀಟರಿಗೂ ಹೆಚ್ಚು ಗಾಳಿ ಹೊರಹೋಗುತ್ತದೆ. ಅಷ್ಟನ್ನೂ ಯಂತ್ರ ಎಲ್ಲಿಂದಲೋ ಎಳೆದುಕೊಳ್ಳಲೇಬೇಕು. ಅಂದರೆ ನಿಮ್ಮ ಡ್ರಾಯರಿನ ಅಷ್ಟೂ ಗಾಳಿ ಒಂದು ನಿಮಿಷಕ್ಕೂ ಸಾಲದು. ಆಮೇಲೆ ಬರುವ ಗಾಳಿ ಡ್ರಾಯರಿನ ಸಂದುಗಳಿಂದ, ಮೇಜಿನ ಹಿಂದಿನ ಮೂಲೆಗಳಿಂದ, ಅಲ್ಲಿರುವ ಧೂಳನ್ನೂ ಮರದ ಪುಡಿಯನ್ನೂ ಹೊತ್ತುಕೊಂಡು ಬರುತ್ತದೆ. ಧೂಳು ತಪ್ಪಿಸಲೆಂದು ಮುಚ್ಚಿದ ಡ್ರಾಯರ್ ಧೂಳನ್ನೇ ಹುಡುಕಿ ತರುತ್ತದೆ. ಜೊತೆಗೆ ಮೋಟರಿನ ಕಾವು, ನೀರಿನ ತೊಟ್ಟಿಯ ಆವಿ ಎರಡೂ ಒಳಗೇ ಉಳಿಯುತ್ತವೆ. ನಿಮ್ಮ ಊರಿನ ಮಳೆಗಾಲದಲ್ಲಿ ಬರಿಯ ಡ್ರಾಯರೇ ಬೂಸ್ಟು ಹಿಡಿಯುತ್ತದೆ, ಇನ್ನು ಆವಿ ತುಂಬಿದ ಡ್ರಾಯರ್ ಹೇಗಾದೀತು, ಯೋಚಿಸಿ.

ಆದರೆ ಯಂತ್ರ ಬಂದವರ ಕಣ್ಣಿಗೆ ಬೀಳಬಾರದು ಎಂಬ ನಿಮ್ಮ ಆಸೆಯನ್ನು ನಾನು ತಳ್ಳಿಹಾಕುವುದಿಲ್ಲ. ಮಲಗುವ ಕೋಣೆ ಆಸ್ಪತ್ರೆಯ ವಾರ್ಡಿನಂತೆ ಕಾಣಬಾರದು ಎಂದು ಬಯಸುವುದರಲ್ಲಿ ತಪ್ಪೇನಿಲ್ಲ. ಯಂತ್ರ ಉಪಯೋಗಿಸುವವರಿಗೇ ಅದರ ಬಗ್ಗೆ ಸಂಕೋಚವಿದ್ದರೆ ನಾಲ್ಕು ದಿನ ಹಾಕಿ ಬಿಟ್ಟುಬಿಡುವುದೂ ಉಂಟು. ನೋಡಲು ಚೆನ್ನಾಗಿರುವ ಜಾಗ ಚಿಕಿತ್ಸೆಗೂ ಸಹಾಯ ಎಂದು ನಾನು ನಂಬಿದ್ದೇನೆ. ಅದಕ್ಕೆ ದಾರಿಯಿದೆ. ಯಂತ್ರಕ್ಕೆ ಡ್ರಾಯರಿನ ಬದಲು ಮೇಜಿನ ನಡುವೆ ಒಂದು ತೆರೆದ ಗೂಡು ಮಾಡಿಸಿ, ಡ್ರಾಯರ್ ಅದರ ಕೆಳಗೆ ಬರಲಿ. ಅದರ ಮುಂದೆ ಕೆಳಕ್ಕೆ ಬಾಗುವ ಒಂದು ಮುಚ್ಚಳದ ಹಲಗೆ ಇರಲಿ. ರಾತ್ರಿ ಅದು ಇಳಿದಿರಲಿ, ಹಗಲು ಏರಿರಲಿ. ಮುಚ್ಚುವ ಮೊದಲು ತೊಟ್ಟಿಯ ನೀರು ಚೆಲ್ಲಿ ಒಣಗಿಸಿರಬೇಕು, ಅಷ್ಟೇ ನಿಯಮ.

ಎತ್ತರದ ವಿಷಯ ಎಲ್ಲಕ್ಕಿಂತ ಮುಖ್ಯ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಂತ್ರ ಮಲಗಿದವರ ತಲೆಗಿಂತ ಕೆಳಗಿರಬೇಕು. ಯಂತ್ರದಿಂದ ಹೊರಡುವ ಗಾಳಿ ಬೆಚ್ಚಗೆ, ತೇವವಾಗಿ ಇರುತ್ತದೆ. ಕೋಣೆ ತಣ್ಣಗಿದ್ದರೆ ಪೈಪಿನ ಒಳಗೋಡೆಯಲ್ಲಿ ಆ ತೇವ ಹನಿಗಟ್ಟುತ್ತದೆ. ಡಿಸೆಂಬರ್ ರಾತ್ರಿಗಳಲ್ಲಿ, ಫ್ಯಾನು ನೇರ ಬೀಸುವಾಗ ಇದು ಹೆಚ್ಚು. ಯಂತ್ರ ತಲೆಗಿಂತ ಮೇಲಿದ್ದರೆ ಆ ಹನಿಗಳೆಲ್ಲ ಇಳಿದು ಮಾಸ್ಕಿಗೆ ಬಂದು ಮೂಗಿಗೆ ನೀರು ಚಿಮ್ಮುತ್ತದೆ. ಅರ್ಧರಾತ್ರಿ ಹಾಗಾದರೆ ಯಾರಾದರೂ ಮಾಸ್ಕು ಕಿತ್ತೆಸೆಯುತ್ತಾರೆ. ಯಂತ್ರ ಕೆಳಗಿದ್ದರೆ ನೀರು ವಾಪಸು ತೊಟ್ಟಿಯ ಕಡೆಗೆ ಇಳಿಯುತ್ತದೆ. ಹಾಗಾಗಿ ಮಂಚದ ತಲೆಭಾಗದ ಮೇಲೆ ಗೋಡೆಗೆ ಒಂದು ಸ್ಟ್ಯಾಂಡು ಹೊಡೆದು ಅದರ ಮೇಲೆ ಯಂತ್ರ ಇಡೋಣ ಎಂದು ಆಚಾರಿ ಸೂಚಿಸಿದರೆ ಬೇಡವೆನ್ನಿ. ನೋಡಲು ಅದು ಅಚ್ಚುಕಟ್ಟಾಗಿ ಕಂಡರೂ ಈ ಕಾರಣಕ್ಕೆ ಸರಿಯಲ್ಲ, ಕೆಳಕ್ಕೆ ಬಿದ್ದರೆ ತಲೆಯ ಮೇಲೇ ಬೀಳುತ್ತದೆ ಎಂಬುದೂ ಇದೆ.

ಅಳತೆ ತೆಗೆಯುವುದು ಹೀಗೆ. ಮಂಚದ ಎತ್ತರವಲ್ಲ, ಹಾಸಿಗೆ ಹಾಕಿ ಅದರ ಮೇಲೆ ಒಬ್ಬರು ಮಲಗಿದಾಗ ಹಾಸಿಗೆಯ ಮೇಲ್ಮೈ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಹತ್ತಿಯ ಹಾಸಿಗೆಗೂ ಸ್ಪ್ರಿಂಗ್ ಹಾಸಿಗೆಗೂ ಇದರಲ್ಲಿ ವ್ಯತ್ಯಾಸ ಬರುತ್ತದೆ. ಅದು 21 ಇಂಚು ಬಂತು ಎಂದಿಟ್ಟುಕೊಳ್ಳಿ. ಯಂತ್ರ ಕೂರುವ ಹಲಗೆ ಅದಕ್ಕಿಂತ ಏಳೆಂಟು ಇಂಚು ಕೆಳಗೆ, ಅಂದರೆ ನೆಲದಿಂದ 13 ಅಥವಾ 14 ಇಂಚಿನಲ್ಲಿ ಇರಲಿ. ಆಗ ಯಂತ್ರದ ನೆತ್ತಿಯೂ ಹಾಸಿಗೆಯ ಮಟ್ಟ ದಾಟುವುದಿಲ್ಲ, ನಿದ್ದೆಗಣ್ಣಲ್ಲಿ ಕೈ ಚಾಚಿದರೆ ತಗಲುವುದೂ ಇಲ್ಲ. ಮೇಜಿನ ಮೇಲ್ಹಲಗೆ ಹಾಸಿಗೆಗಿಂತ ಒಂದೆರಡು ಇಂಚು ಮೇಲೆ, 22 ಅಥವಾ 23 ಇಂಚಿನಲ್ಲಿರಲಿ. ಕನ್ನಡಕ, ಫೋನು, ಕುಡಿಯುವ ನೀರು, ಮಾತ್ರೆ ಇವೆಲ್ಲ ಮೇಲೆ ಇರಬೇಕಾದವು. ಯಂತ್ರದ ನೆತ್ತಿಯ ಮೇಲೆ ಏನನ್ನೂ ಇಡಬಾರದು, ಈ ಎರಡು ಅಂತಸ್ತಿನ ಮೇಜಿನಲ್ಲಿ ಇಡಲು ಜಾಗವೂ ಇರುವುದಿಲ್ಲ.

ಗೂಡಿನ ಅಗಲವನ್ನು ಈಗಿರುವ ಯಂತ್ರಕ್ಕೆ ಸರಿಯಾಗಿ ಕತ್ತರಿಸಿಕೊಡಲು ಹೇಳಬೇಡಿ. ಯಂತ್ರ ಕೆಲವು ವರ್ಷಕ್ಕೆ ಬದಲಾಗುತ್ತದೆ, ಮುಂದಿನದು ಇನ್ನೊಂದು ಆಕಾರದಲ್ಲಿರಬಹುದು. ತೇಗದ ಮೇಜು ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ. ಗೂಡು ಒಳಗಿನಿಂದ 18 ಇಂಚು ಅಗಲ, 16 ಇಂಚು ಆಳ ಇದ್ದರೆ ಯಾವ ಯಂತ್ರವಾದರೂ ಸುತ್ತ ಮೂರು ನಾಲ್ಕು ಇಂಚು ಬಿಟ್ಟು ಕೂರುತ್ತದೆ. ಗೂಡಿನ ಹಿಂಬದಿಗೆ ಹಲಗೆ ಹೊಡೆಯಲೇಬೇಡಿ. ಹಿಂದೆ ತೆರೆದಿರಲಿ, ಮೇಜು ಗೋಡೆಯಿಂದ ಒಂದೆರಡು ಇಂಚು ಮುಂದಿರಲಿ. ಮೇಜು ನುಣ್ಣಗೆ ಗೋಡೆಗೆ ಅಂಟಿದರೆ ಹಿಂದೆ ಬಿಟ್ಟ ತೆರವು ಕೆಲಸಕ್ಕೆ ಬರುವುದಿಲ್ಲ, ಮಳೆಗಾಲದಲ್ಲಿ ಗೋಡೆಯ ಸುಣ್ಣದ ಪುಡಿಯೂ ಉದುರಿ ಯಂತ್ರದ ಬಾಯಿಗೆ ಹೋಗುತ್ತದೆ. ಕಿಟಕಿ ಪರದೆಯೂ ಆ ಕಡೆ ಹಾರಿ ಬಾರದಂತೆ ನೋಡಿಕೊಳ್ಳಿ.

ಯಂತ್ರ ಕೂರುವ ಹಲಗೆ ಮುಂದಕ್ಕೆ ಎಳೆಯುವಂತಿದ್ದರೆ ಬಹಳ ಅನುಕೂಲ. ಕಂಪ್ಯೂಟರ್ ಮೇಜಿನಲ್ಲಿ ಕೀಬೋರ್ಡ್ ಇಡಲು ಚಾನೆಲ್ ಮೇಲೆ ಓಡುವ ಹಲಗೆ ಹಾಕುತ್ತಾರಲ್ಲ, ಅದೇ. ಸಂಜೆ ಅದನ್ನು ಎಳೆದು, ನೀರಿನ ತೊಟ್ಟಿಯನ್ನು ಯಂತ್ರದಿಂದ ಹೊರತೆಗೆದು, ಬೇರೆ ಕಡೆ ತುಂಬಿಸಿ ತಂದು ಕೂರಿಸಬಹುದು. ತೊಟ್ಟಿ ಯಂತ್ರದೊಳಗೆ ಇರುವಾಗಲೇ ಮೇಲಿಂದ ನೀರು ಸುರಿಯುವುದು ಒಳ್ಳೆಯದಲ್ಲ, ಚೆಲ್ಲಿದರೆ ಒಳಗಿನ ಮೋಟರಿಗೆ ಹೋಗುತ್ತದೆ. ಹಲಗೆಯ ಮೂರೂ ಬದಿಗೆ ಅರ್ಧ ಇಂಚಿನ ಅಂಚುಪಟ್ಟಿ ಹೊಡೆಸಿ, ಆಗ ಯಂತ್ರ ಜಾರುವುದಿಲ್ಲ, ಚೆಲ್ಲಿದ ನೀರು ಕೆಳಗಿನ ಡ್ರಾಯರಿಗೆ ಇಳಿಯುವುದಿಲ್ಲ. ಹಲಗೆಯ ಮೇಲೆ ಬಿಳಿ ಮೈಕಾ ಅಂಟಿಸಿ ಎಂದು ನಾನು ಹೇಳುತ್ತೇನೆ. ಮೇಜಿನ ಬಣ್ಣಕ್ಕೆ ಅದು ಹೊಂದುವುದಿಲ್ಲ ಎಂದು ಆಚಾರಿ ಮುಖ ಸಿಂಡರಿಸಬಹುದು. ಆದರೆ ಬಿಳಿಯ ಮೇಲೆ ಧೂಳು, ನೀರು, ಇರುವೆ ಎಲ್ಲವೂ ಕಂಡ ಕ್ಷಣ ಗೊತ್ತಾಗುತ್ತದೆ. ಯಂತ್ರದ ಕೆಳಗೆ ಕ್ರೋಶಾ ಬಟ್ಟೆಯೋ ಟವೆಲ್ಲೋ ಹಾಸುವ ಅಭ್ಯಾಸ ನಮ್ಮಲ್ಲಿದೆ, ಇಲ್ಲಿ ಅದನ್ನು ಬಿಡಿ. ಬಟ್ಟೆಯ ನೂಲಿನ ಎಳೆಗಳು ಫಿಲ್ಟರಿಗೆ ಹೋಗುತ್ತವೆ.

ಮರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ನಿಮ್ಮ ಸೀಮೆಯವರಿಗೆ ಮರದ ವಿಷಯ ಹೇಳಹೋಗುವುದೂ ಸರಿಯಲ್ಲ. ತೇಗ, ಹಲಸು, ಹೊನ್ನೆ ಯಾವುದಾದರೂ ಆದೀತು. ಪ್ಲೈವುಡ್ ಆದರೆ ನೀರು ತಡೆಯುವ ಬಿಡಬ್ಲ್ಯೂಪಿ ದರ್ಜೆಯದು, ಐಎಸ್ 710 ಗುರುತಿನದು ಇರಲಿ. ಅಗ್ಗವೆಂದು ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ ಹಾಕಿಸಬೇಡಿ. ದಿನವೂ ನೀರಿನ ತೊಟ್ಟಿ ಆಡುವ ಜಾಗದಲ್ಲಿ ಅಂಚು ಉಬ್ಬಿ ಬಿರಿಯುತ್ತದೆ.

ಸದ್ದಿನ ಬಗ್ಗೆ ನೀವು ಬರೆದಿದ್ದೀರಿ. ಪಕ್ಕದಲ್ಲಿ ಮಲಗುವವರ ನಿದ್ದೆಯೂ ನಿದ್ದೆಯೇ, ಆದ್ದರಿಂದ ಇದಕ್ಕೂ ಉತ್ತರ ಕೊಡಬೇಕು. ಈಗಿನ ಯಂತ್ರಗಳ ಸದ್ದು 25ರಿಂದ 30 ಡೆಸಿಬಲ್ ಆಸುಪಾಸು, ಸೀಲಿಂಗ್ ಫ್ಯಾನಿಗಿಂತ ಕಡಿಮೆ. ಅದಕ್ಕಿಂತ ಜೋರಾಗಿ ಕೇಳುತ್ತಿದ್ದರೆ ಮೂರು ಕಾರಣ ಹುಡುಕಿ. ಮಾಸ್ಕಿನ ಅಂಚಿನಿಂದ ಗಾಳಿ ಸೋರುತ್ತಿರಬಹುದು, ಫಿಲ್ಟರ್ ಕಟ್ಟಿಕೊಂಡಿರಬಹುದು, ಅಥವಾ ಯಂತ್ರ ಕೂತ ತೆಳು ಹಲಗೆ ಅದುರುತ್ತಿರಬಹುದು. ಮೂರನೆಯದು ಆಚಾರಿಯ ಕೈಯಲ್ಲಿದೆ. ಹಲಗೆ ಮುಕ್ಕಾಲು ಇಂಚು ದಪ್ಪ ಇರಲಿ, ಚಾನೆಲ್ ಲಟಲಟ ಅನ್ನದಂತೆ ಬಿಗಿಯಾಗಿರಲಿ. ಮೇಜನ್ನು ಮಂಚಕ್ಕೆ ಸೇರಿಸಿ ಒಂದೇ ಸಾಮಾನಾಗಿ ಮಾಡುವುದು ಈಗ ರೂಢಿ, ಆದರೆ ಯಂತ್ರದ ಸಣ್ಣ ಕಂಪನ ಮರದ ಮೂಲಕವೇ ದಿಂಬಿಗೆ ಬರುತ್ತದೆ. ಮೇಜು ಬೇರೆಯೇ ಇರಲಿ, ಮಂಚಕ್ಕೂ ಅದಕ್ಕೂ ನಡುವೆ ಒಂದು ಇಂಚು ಸಂದು ಇರಲಿ. ಇನ್ನೊಂದು ಮಾತು, ಯಂತ್ರವಿರುವ ಮೇಜು ಯಜಮಾನರ ಹೊರಬದಿಗೆ ಬರಲಿ, ನಿಮ್ಮಿಬ್ಬರ ನಡುವೆ ಪೈಪು ಹಾಯುವಂತಾಗಬಾರದು.

ಇನ್ನು ಪೈಪು, ನಿಮ್ಮ ತೊಂದರೆ ಶುರುವಾದದ್ದೇ ಅದರಿಂದ. ಸಾಮಾನ್ಯವಾಗಿ ಅದು 6 ಅಡಿ ಉದ್ದ. ಮೇಜಿನಿಂದ ನೇರ ಮುಖಕ್ಕೆ ಎಳೆದರೆ ಮಿಕ್ಕ ಪೈಪು ಹೊದಿಕೆಯೊಳಗೆ ಸುರುಳಿಯಾಗಿ, ಮಗ್ಗುಲು ಬದಲಿಸಿದಾಗಲೆಲ್ಲ ಯಂತ್ರವನ್ನು ಜಗ್ಗುತ್ತದೆ. ಅದನ್ನು ತಲೆಯ ಹಿಂದಿನಿಂದ ತರುವುದು ವಾಸಿ. ಮಂಚದ ತಲೆಭಾಗದ ಹಲಗೆಯ ಮೇಲಂಚಿನಲ್ಲಿ, ಯಜಮಾನರ ದಿಂಬಿನ ನೇರಕ್ಕೆ ಒಂದು ಒಂದೂವರೆ ಅಡಿ ಮೇಲೆ, ತಿರುಗುವ ಒಂದು ಕೊಕ್ಕೆ ಹಾಕಿಸಿ. ಪೈಪು ಯಂತ್ರದಿಂದ ಹೊರಟು ತಲೆಹಲಗೆಯ ಹಿಂದೆ ಏರಿ ಕೊಕ್ಕೆಯಲ್ಲಿ ಸಡಿಲವಾಗಿ ಕೂತು ಮುಖಕ್ಕೆ ಇಳಿಯುತ್ತದೆ. ಎಡಕ್ಕೆ ಹೊರಳಿದರೂ ಬಲಕ್ಕೆ ಹೊರಳಿದರೂ ಅದು ಜೊತೆಗೇ ತಿರುಗುತ್ತದೆ. ಕೊಕ್ಕೆಯನ್ನು ಇದಕ್ಕಿಂತ ಎತ್ತರ ಮಾಡಬೇಡಿ, ಆ ತುದಿಯಿಂದ ಮಾಸ್ಕಿನವರೆಗಿನ ಪೈಪಿನಲ್ಲಿ ಕಟ್ಟಿದ ಹನಿ ಮುಖಕ್ಕೇ ಇಳಿಯುತ್ತದೆ. ಚಳಿಗಾಲಕ್ಕೆ ಪೈಪಿಗೆ ತೊಡಿಸಲು ಬಟ್ಟೆಯ ಗವಸು ಸಿಗುತ್ತದೆ, ಮನೆಯಲ್ಲೇ ಹೊಲಿಯಲೂಬಹುದು.

ಪೈಪು ಹಾಯಲು ಆಚಾರಿ ದುಂಡಗಿನ ತೂತು ಕೊರೆಯಲು ಹೊರಡುತ್ತಾರೆ. ಅದರ ಬದಲು ಹಲಗೆಯ ಅಂಚಿನಲ್ಲೇ ಎರಡೂವರೆ ಇಂಚು ಅಗಲದ ಕಚ್ಚು ಹಾಕಲು ಹೇಳಿ. ಪೈಪಿನ ಒಳವ್ಯಾಸ ಸಾಮಾನ್ಯವಾಗಿ 15ರಿಂದ 22 ಮಿಲಿಮೀಟರ್ ಅಷ್ಟೇ ಇದ್ದರೂ ಅದರ ತುದಿಯ ಜೋಡಣೆ ದಪ್ಪ. ಪೈಪಿಗೇ ಬಿಸಿ ಮಾಡುವ ತಂತಿ ಇದ್ದರೆ ತುದಿ ಇನ್ನೂ ದಪ್ಪ. ತೂತಿನಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಕಚ್ಚಿನಲ್ಲಾದರೆ ಎತ್ತಿ ತೆಗೆಯಬಹುದು. ವಾರಕ್ಕೊಮ್ಮೆ ಪೈಪು ತೊಳೆಯಬೇಕಾಗುತ್ತದೆ. ತೆಗೆಯಲು ಕಷ್ಟವಾದರೆ ತೊಳೆಯುವುದು ಮುಂದಕ್ಕೆ ಹೋಗುತ್ತಾ ಹೋಗುತ್ತದೆ. ಕಚ್ಚಿನ ಅಂಚುಗಳನ್ನು ಕೈಗೆ ತರಚದಂತೆ ದುಂಡಗೆ ಉಜ್ಜಿಸಿ. ತೊಳೆದ ಪೈಪು, ಮಾಸ್ಕು ಒಣಗಿಸಲು ಬಚ್ಚಲಿನ ಹತ್ತಿರ ನೆರಳಿನಲ್ಲಿ ಒಂದು ಗೂಟ ಇರಲಿ. ಬಿಸಿಲಿಗೆ ಹಾಕಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಒಣಗಿಸುವುದೇ ದಾರಿ.

ನೀವು ಸೊಳ್ಳೆ ಪರದೆ ಕಟ್ಟುವವರಾದರೆ ಯಂತ್ರ ಪರದೆಯ ಹೊರಗೆ, ಕೊಕ್ಕೆ ಪರದೆಯ ಒಳಗೆ ಬರುವಂತೆ ನೋಡಿಕೊಳ್ಳಿ. ಪರದೆಯ ಕೆಳ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವಲ್ಲಿ ಪೈಪು ಒಳಕ್ಕೆ ಬರಲಿ, ಆದರೆ ಹಾಸಿಗೆಯ ಭಾರಕ್ಕೆ ಅದು ಅಪ್ಪಚ್ಚಿಯಾಗಬಾರದು. ಪರದೆ ಬದಲು ಸೊಳ್ಳೆ ಬತ್ತಿ ಹಚ್ಚುವ ಅಭ್ಯಾಸವಿದ್ದರೆ ಅದನ್ನು ಯಂತ್ರದ ಕೋಣೆಯಿಂದ ಆಚೆಗಿಡಿ. ಫಿಲ್ಟರ್ ಧೂಳನ್ನು ಹಿಡಿಯುತ್ತದೆ, ಹೊಗೆಯನ್ನೂ ವಾಸನೆಯನ್ನೂ ಹಿಡಿಯುವುದಿಲ್ಲ. ಊದುಬತ್ತಿಗೂ ಇದೇ ಮಾತು. ಡಾಕ್ಟರು ಸಿಪ್ಯಾಪ್ ಜೊತೆಗೆ ಆಕ್ಸಿಜನ್ನನ್ನೂ ಹೇಳಿದ್ದರೆ ಆ ಕೋಣೆಯಲ್ಲಿ ಬೆಂಕಿಯ ಕಿಡಿಯೇ ಕೂಡದು.

ಕರೆಂಟಿನ ಕೆಲಸವನ್ನು ಮರಗೆಲಸಕ್ಕಿಂತ ಮೊದಲು ಮುಗಿಸಿ. ನಮ್ಮಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ, ಆದ್ದರಿಂದ ಮಂಚದ ದಿಕ್ಕು ಮೊದಲೇ ನಿಶ್ಚಯವಾಗಿರುತ್ತದೆ. ಪ್ಲಗ್ ಪಾಯಿಂಟು ಮಾತ್ರ ಎದುರು ಗೋಡೆಯಲ್ಲಿರುತ್ತದೆ. ಆಗ ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೆ ಹರಿದಾಡಲು ಶುರುವಾಗುತ್ತದೆ. ದಿನವೂ ನೆಲ ಒರೆಸುವ ಮನೆಯಲ್ಲಿ ಅದು ಅಪಾಯ. ಯಂತ್ರಕ್ಕೆ 6 ಆಂಪಿಯರಿನ ಸಾಮಾನ್ಯ ಮೂರು ಪಿನ್ನಿನ ಪಾಯಿಂಟು ಸಾಕು. ಅದನ್ನು ತಲೆಯ ಕಡೆಯ ಗೋಡೆಯಲ್ಲೇ, ಯಂತ್ರದ ಹಲಗೆಗಿಂತ ಮೇಲೆ, ಮಂಚ ಸರಿಸದೆ ಕೈಗೆ ಎಟಕುವಂತೆ ಹಾಕಿಸಿ. ತಂತಿ ಒಮ್ಮೆ ಕೆಳಕ್ಕೆ ಇಳಿದು ಮತ್ತೆ ಮೇಲೇರಿ ಪ್ಲಗ್ಗಿಗೆ ಸೇರಲಿ, ಹಾಗಿದ್ದರೆ ತಂತಿಗುಂಟ ಹರಿದ ನೀರು ಬಳುಕಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಅಡಾಪ್ಟರ್ ಬಿಸಿಯಾಗುವ ವಸ್ತು, ಅದನ್ನು ಡ್ರಾಯರಿನಲ್ಲಿ ತುರುಕದೆ ಮೇಜಿನ ಕಾಲಿಗೆ ನೆಲದಿಂದ ಆರು ಇಂಚು ಮೇಲೆ ಒಂದು ಸಣ್ಣ ತೆರೆದ ತಟ್ಟೆ ಹೊಡೆಸಿ ಅದರಲ್ಲಿ ಕೂರಿಸಿ.

ಇನ್ವರ್ಟರ್ ಇದ್ದರೆ ಇದೇ ಪಾಯಿಂಟನ್ನು ಅದರ ಲೈನಿಗೆ ಸೇರಿಸಲು ಎಲೆಕ್ಟ್ರಿಷಿಯನ್ನಿಗೆ ಹೇಳಿ. ಸೈನ್ ವೇವ್ ಇನ್ವರ್ಟರ್ ಆಗಿದ್ದರೆ ಒಳ್ಳೆಯದು. ಬಹಳಷ್ಟು ಅಡಾಪ್ಟರುಗಳ ಮೇಲೆ 65 ಅಥವಾ 90 ವ್ಯಾಟ್ ಎಂದು ಬರೆದಿರುತ್ತದೆ. ಅದರಲ್ಲಿ ದೊಡ್ಡ ಪಾಲು ಹೋಗುವುದು ನೀರು ಮತ್ತು ಪೈಪು ಬಿಸಿ ಮಾಡಲು. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟಿಲ್ಲದಿದ್ದರೆ ಆ ಬಿಸಿಯನ್ನು ತಗ್ಗಿಸಿ ಬ್ಯಾಟರಿ ಉಳಿಸಬಹುದು. ಯಂತ್ರ ನಿಂತುಹೋದರೆ ಮಾಸ್ಕಿನೊಳಗೆ ಉಸಿರುಗಟ್ಟುತ್ತದೆ ಎಂದು ಕೆಲವರು ಹೆದರುತ್ತಾರೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕುಗಳಲ್ಲಿ ಒತ್ತಡ ನಿಂತೊಡನೆ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಕವಾಟವಿರುತ್ತದೆ, ಮೂಗಿನ ಮಾಸ್ಕಾದರೆ ಬಾಯಿ ತೆರೆದೇ ಇರುತ್ತದೆ. ಎಚ್ಚರವಾದಾಗ ಮಾಸ್ಕು ತೆಗೆದರಾಯಿತು.

ಕೆಳಗಿನ ಡ್ರಾಯರಿಗೆ ಕೆಲಸವಿಲ್ಲ ಎಂದುಕೊಳ್ಳಬೇಡಿ. ಹೊಸ ಫಿಲ್ಟರುಗಳು, ಮಾಸ್ಕಿನ ಬದಲಿ ಮೆತ್ತೆ, ಯಂತ್ರದ ಪುಸ್ತಿಕೆ, ಊರಿಗೆ ಹೋಗುವಾಗ ಬೇಕಾಗುವ ಚೀಲ ಇವೆಲ್ಲ ಅಲ್ಲಿರಲಿ. ತೊಟ್ಟಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಬಾಟಲಿಗೂ ಪಕ್ಕದಲ್ಲಿ ನಿಲ್ಲುವ ಜಾಗ ಬೇಕು. ಇನ್ವರ್ಟರ್ ಬ್ಯಾಟರಿಗೆಂದು ತಂದಿಟ್ಟ ಕ್ಯಾನಿನ ನೀರನ್ನು ಇದಕ್ಕೆ ಬಳಸಬೇಡಿ, ಅದನ್ನು ಉಸಿರಾಡಲೆಂದು ಮಾಡಿರುವುದಿಲ್ಲ.

ಮರ ಕತ್ತರಿಸುವ ಮೊದಲು ಎರಡು ಮೂರು ರಾತ್ರಿ ಒಂದು ಪ್ರಯೋಗ ಮಾಡಿ ನೋಡಿ. ನಾಲ್ಕು ಇಟ್ಟಿಗೆ, ಒಂದು ಹಲಗೆ ಸಾಕು. ನಾನು ಹೇಳಿದ ಎತ್ತರದಲ್ಲಿ ಯಂತ್ರ ಇಟ್ಟು, ಕೊಕ್ಕೆಯ ಬದಲು ಗೋಡೆಯ ಮೊಳೆಗೆ ಒಂದು ನಾಡ ಕಟ್ಟಿ ಪೈಪು ಹಾಯಿಸಿ. ಯಜಮಾನರು ಯಾವ ಮಗ್ಗುಲಲ್ಲಿ ಹೆಚ್ಚು ಮಲಗುತ್ತಾರೆ, ಪೈಪು ಎಷ್ಟು ಉದ್ದ ಬೇಕು, ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಯಾವ ಕಡೆ ಇಳಿಯುತ್ತಾರೆ ಎಂಬುದೆಲ್ಲ ಆಗ ತಿಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನೇ ಕೇಳಿ. ಮಾಸ್ಕು ಹಾಕಿಕೊಂಡು ಮಲಗುವವರು ಅವರು. ಕೊಕ್ಕೆ ಎರಡು ಇಂಚು ಆಚೆಗಿರಲಿ ಎಂದು ಅವರು ಹೇಳಿದರೆ ನನ್ನ ಅಳತೆಗಿಂತ ಅವರ ಮಾತು ಸರಿ.

ಕೆಲಸ ನಡೆಯುವ ದಿನಗಳ ಬಗ್ಗೆ ಕೊನೆಯದಾಗಿ ಒಂದು ಎಚ್ಚರಿಕೆ. ಆಚಾರಿ ಜಗಲಿಯಲ್ಲೇ ಗರಗಸ ಹಾಕಿದರೂ ಮರದ ಹುಡಿ ಒಳಮನೆಗೆಲ್ಲ ಬರುತ್ತದೆ. ಹಗಲು ಯಂತ್ರವನ್ನು ಅದರ ಚೀಲದಲ್ಲಿ ಹಾಕಿ ಬೀರುವಿನಲ್ಲಿಡಿ. ಆ ವಾರ ಯಜಮಾನರು ಬೇರೆ ಕೋಣೆಯಲ್ಲಿ ಮಲಗಲಿ, ಆದರೆ ಯಂತ್ರ ಹಾಕುವುದನ್ನು ಒಂದು ರಾತ್ರಿಯೂ ನಿಲ್ಲಿಸಬಾರದು. ಪಾಲಿಶ್ ಮಾಡುವುದು ಹೊರಗೇ ಆಗಲಿ. ಥಿನ್ನರಿನ ವಾಸನೆ ಯಂತ್ರದ ಮೂಲಕ ನೇರ ಎದೆಗೆ ಹೋಗುತ್ತದೆ, ಆದ್ದರಿಂದ ಮೇಜು ಮಂಚಗಳ ವಾಸನೆ ಪೂರ್ತಿ ಆರಿದ ಮೇಲೆಯೇ ಕೋಣೆಗೆ ತನ್ನಿ. ಆರಿದೆಯೇ ಎಂದು ನೋಡಲು ಗೂಡಿನ ಮುಚ್ಚಳ ಒಂದು ಹಗಲು ಮುಚ್ಚಿಟ್ಟು, ಸಂಜೆ ತೆರೆದು ಮೂಗು ಒಳಗಿಟ್ಟು ನೋಡಿ. ಏನೂ ವಾಸನೆ ಬರದಿದ್ದರೆ ಹೊಸ ಫಿಲ್ಟರ್ ಹಾಕಿ ಯಂತ್ರವನ್ನು ಅಲ್ಲಿ ಕೂರಿಸಬಹುದು.